ಖಾಲಿ ಬಿಟ್ಟ ಚೌಕ

ಮಿನಿಯಾಪೊಲಿಸ್ ಊರಿನಲ್ಲಿ ಹಿಮದ ಮೇಲೆ ಶಾಲೆ ಬಸ್ಸು ಓಡಿಸಬಲ್ಲವರು ಇಬ್ಬರೇ. ಒಬ್ಬ ನಾನು, ಇನ್ನೊಬ್ಬ ಇನ್ನೂ ಹುಟ್ಟಬೇಕು. ಉಳಿದವರು ಓಡಿಸುವುದಿಲ್ಲ, ಜಾರುತ್ತಾರೆ. ನಮ್ಮಜ್ಜ ಸೊಮಾಲಿಯಾದ ಬಯಲಿನಲ್ಲಿ ಒಂಬೈನೂರು ಒಂಟೆಗಳನ್ನು ಒಂದೇ ಸಿಳ್ಳಿಗೆ ಸಾಲು ಹಿಡಿಸುತ್ತಿದ್ದವನು. ತೊಂಬತ್ತಿದ್ದವು ಎಂದು ನನ್ನ ತಂಗಿ ಇದಿಲ್ ತಕರಾರು ತೆಗೆಯುತ್ತಾಳೆ. ಆಗ ಅವಳು ತೊಟ್ಟಿಲಲ್ಲಿದ್ದಳು, ಅವಳ ಮಾತು ನಂಬಬೇಡಿ.

ನನ್ನ ಹೆಸರು ಗೂಲೇದ್ ವರ್ಸಮೆ. ಆ ಹೆಸರು ಹಿಡಿದು ಕೇಳಿದರೆ ನನ್ನ ಮನೆಯವರೇ ಯಾರು ಅಂತ ಕೇಳಿಯಾರು. ಅಡ್ಡಹೆಸರು ಇಡದೆ ನಮ್ಮ ಜನ ಯಾರನ್ನೂ ಬಿಡುವುದಿಲ್ಲ. ಕುಂಟನನ್ನು ಕುಂಟ, ಬೋಳನನ್ನು ಬೋಳ ಎಂದು ಎದುರಿಗೇ ಕರೆಯುತ್ತಾರೆ, ಅವನೂ ಓ ಅನ್ನುತ್ತಾನೆ. ನಾನು ಮೈಕು. ನಾನು ಸೀಡರ್ ರಸ್ತೆಯಲ್ಲಿ ಕೆಮ್ಮಿದರೆ ನದಿಯಾಚೆ ಸೇಂಟ್ ಪಾಲ್ ಊರಿನಲ್ಲಿ ಮಲಗಿದ ಮಗು ಎದ್ದು ಅಳುತ್ತದೆ. ಇಂಥ ಬಾಯಿಯನ್ನು ಐದು ತಿಂಗಳು ಹೊಲಿದುಕೊಂಡು ಕೂತಿದ್ದೆ. ಆ ಐದು ತಿಂಗಳಲ್ಲಿ ನಾನು ಹೆದರಿದಷ್ಟು, ಅಂತರ್ಯುದ್ಧದಲ್ಲಿ ತಲೆಯ ಮೇಲೆ ಗುಂಡು ಹಾರುವಾಗಲೂ ಹೆದರಿರಲಿಲ್ಲ.

ನಾನು ಬಸ್ಸು ನಿಲ್ಲಿಸುವ ಬೀದಿಯಲ್ಲಿ ಎರಡು ಶಾಲೆಗಳು ಎದುರುಬದುರು ಇವೆ. ಎರಡೂ ಬಿಟ್ಟಿ, ಎರಡಕ್ಕೂ ಸರ್ಕಾರದ್ದೇ ದುಡ್ಡು. ಆಚೆಯದು ಊರಿನ ಶಾಲೆ. ಅದನ್ನು ಅಷ್ಟು ಸುಲಭವಾಗಿ ಯಾರೂ ಮುಚ್ಚಲಾರರು. ಈಚೆಯದು ನಮ್ಮದು, ಚಾರ್ಟರ್ ಶಾಲೆ. ನಮ್ಮ ಜನವೇ ಸಮಿತಿ ಮಾಡಿಕೊಂಡು ನಡೆಸುವುದು. ಪರವಾನಗಿ ಮಂಡಳಿಯವರು ಕೆಲವು ವರ್ಷಕ್ಕೊಮ್ಮೆ ಬಂದು ನೋಡಿ, ಸರಿ ಅಂದರೆ ಉಂಟು, ಇಲ್ಲ ಅಂದರೆ ಜೂನ್ ತಿಂಗಳಿಗೆ ಬಾಗಿಲಿಗೆ ಬೀಗ. ಆಚೆ ಶಾಲೆಯ ಬಸ್ಸಿನಿಂದ ಬಿಳಿಯರು, ಕರಿಯರು, ಮೆಕ್ಸಿಕೋದವರು, ಲಾವೋಸ್ ಕಡೆಯ ಹ್ಮೋಂಗ್ ಮಕ್ಕಳು, ಗಾಲಿಕುರ್ಚಿಯವರು, ಕಿವಿಗೆ ಯಂತ್ರ ಸಿಕ್ಕಿಸಿಕೊಂಡವರು, ಹೀಗೆ ಭೂಮಿಯ ಮೇಲಿನ ಎಲ್ಲ ಬಗೆಯವರೂ ಇಳಿಯುತ್ತಾರೆ. ನನ್ನ ಬಸ್ಸಿನಲ್ಲಿ ನಲವತ್ತನಾಲ್ಕು ಮಕ್ಕಳು. ನಲವತ್ತಮೂರು ನಮ್ಮವರದು. ಉಳಿದವಳು ಇಥಿಯೋಪಿಯಾದ ಒರೊಮೊ ಹುಡುಗಿ, ಅವಳೂ ಈಗ ನಮ್ಮ ಭಾಷೆಯಲ್ಲೇ ಜಗಳವಾಡುತ್ತಾಳೆ.

ಆ ನಲವತ್ತಮೂರರಲ್ಲಿ ಒಬ್ಬಳು ಇದಿಲಳ ಮಗಳು ಸಗಲ್. ಏಳು ವರ್ಷ. ನನ್ನ ಬೆನ್ನ ಹಿಂದಿನ ಸೀಟು ಅವಳದು.

ಸಗಲ್‌ಗೆ ಫಿಟ್ಸ್ ಇದೆ. ಬಿದ್ದು ಒದ್ದಾಡುವುದು ವರ್ಷಕ್ಕೊಂದೋ ಎರಡೋ. ಮಿಕ್ಕಂತೆ ಮಾತಾಡುತ್ತಾ ಆಡುತ್ತಾ ಇದ್ದವಳು ಇದ್ದಕ್ಕಿದ್ದಂತೆ ನಿಂತುಬಿಡುತ್ತಾಳೆ. ಕಣ್ಣು ತೆರೆದೇ ಇರುತ್ತದೆ, ಒಳಗೆ ಅವಳು ಇರುವುದಿಲ್ಲ. ಹತ್ತು ಸೆಕೆಂಡು, ಹದಿನೈದು ಸೆಕೆಂಡು. ಆಮೇಲೆ ವಾಪಸು ಬಂದು ಬಿಟ್ಟ ಮಾತನ್ನು ಬಿಟ್ಟಲ್ಲಿಂದಲೇ ಮುಂದುವರಿಸುತ್ತಾಳೆ. ಗೊತ್ತಿಲ್ಲದವರು ಹಗಲುಗನಸು ಅಂದುಕೊಳ್ಳುತ್ತಾರೆ.

ಮೊದಲು ಅವಳು ಆಚೆಯ ಶಾಲೆಯಲ್ಲೇ ಇದ್ದಳು. ಅಲ್ಲಿ ಅವಳಿಗೆ ದಪ್ಪ ಕಡತವೇ ಇತ್ತು. ಮಿಸೆಸ್ ವಾಂಗ್ ಎಂಬ ಹ್ಮೋಂಗ್ ಹೆಂಗಸು ದಿನವಿಡೀ ಅವಳ ಪಕ್ಕ ಕೂರುತ್ತಿದ್ದಳು, ಬಚ್ಚಲಿಗೆ ಹೋದರೂ ಹಿಂದೆಯೇ. ಒಳ್ಳೆಯ ಹೆಂಗಸು, ಸುಳ್ಳು ಹೇಳಬಾರದು. ಆದರೆ ತರಗತಿಯಲ್ಲಿ ನಮ್ಮವರ ಮಕ್ಕಳು ಇಬ್ಬರೇ. ಯಾರೋ ಒಂದು ದಿನ ಸಗಲ್‌ಳ ತಲೆವಸ್ತ್ರ ಕಿತ್ತು ಕಸದ ಡಬ್ಬಿಗೆ ಹಾಕಿದರು. ಅಂದಿನಿಂದ ಅವಳು ಶಾಲೆಯಲ್ಲಿ ಬಾಯಿ ಬಿಡಲಿಲ್ಲ. ನಾಲ್ಕು ತಿಂಗಳು, ಒಂದು ಮಾತೂ ಇಲ್ಲ. ನನ್ನ ವಂಶದಲ್ಲಿ ಹುಟ್ಟಿದವಳು ನಾಲ್ಕು ತಿಂಗಳು ಮೂಕಿಯಾಗಿರುವುದೆಂದರೆ ನೀವೇ ಯೋಚಿಸಿ.

ಆಗಸ್ಟಿನಲ್ಲಿ ಇದಿಲ್ ನಮ್ಮ ಶಾಲೆಯ ಅರ್ಜಿ ಹಿಡಿದು ನನ್ನ ಅಡುಗೆಮನೆಗೆ ಬಂದಳು. ನಾನು ಅನ್ನಕ್ಕೆ ಬಾಳೆಹಣ್ಣು ಕಿವುಚಿಕೊಳ್ಳುತ್ತಿದ್ದೆ.

"ಅಣ್ಣಾ, ಇಲ್ನೋಡು. ಮಗೂಗೆ ಕಾಯಿಲೆ ಇದ್ಯಾ, ಹಿಂದಿನ ಶಾಲೇಲಿ ವಿಶೇಷ ಸಹಾಯ ಇತ್ತಾ ಅಂತ ಕೇಳಿದಾರೆ. ಚೌಕದಲ್ಲಿ ಗುರುತು ಹಾಕ್ಬೇಕಂತೆ."

"ಖಾಲಿ ಬಿಡು."

"ಸುಳ್ಳು ಹೇಳ್ದಂಗಾಗಲ್ವಾ?"

"ಬರೆದ್ರೆ ತಾನೇ ಸುಳ್ಳು? ಖಾಲಿ ಬಿಟ್ರೆ ಮರೆವು. ಮರೆವನ್ನ ದೇವ್ರು ಕ್ಷಮಿಸ್ತಾನೆ ಕಣೆ."

"ಕ್ಲಾಸಲ್ಲಿ ಏನಾದ್ರೂ ಆದ್ರೆ?"

"ನಾನಿಲ್ವೇನೇ? ಆ ಶಾಲೆ ಹೆಡ್ಮೇಷ್ಟ್ರು ನನ್ನ ಕೇಳ್ದೆ ನೀರೂ ಕುಡಿಯಲ್ಲ. ಗುರುತು ಹಾಕಿದ್ಯೋ, ನಿಮ್ಮ ಮಗೂಗೆ ಎದುರಿನ ಶಾಲೇನೇ ಅನುಕೂಲ ಅಂತ ನಯವಾಗಿ ಸಾಗಹಾಕ್ತಾರೆ. ಎಲ್ಲಾರಿಗೂ ಗೊತ್ತಿರೋ ವಿಷ್ಯ."

ಎಲ್ಲರಿಗೂ ಗೊತ್ತಿತ್ತು, ನಿಜ. ಚಹಾದಂಗಡಿಯಲ್ಲಿ ದಿನಾ ಇದೇ ಮಾತು. ಹಾಗೆ ಸಾಗಹಾಕಿಸಿಕೊಂಡ ಒಂದು ಮಗುವನ್ನು ಕಣ್ಣಾರೆ ಕಂಡವರು ಮಾತ್ರ ಯಾರೂ ಇರಲಿಲ್ಲ. ಕಾಯ್ದೆಯ ಪ್ರಕಾರ ನಮ್ಮ ಶಾಲೆಯೂ ಯಾವ ಮಗುವನ್ನೂ ಬೇಡ ಅನ್ನುವಂತಿಲ್ಲ. ಆದರೆ ಕಾಯ್ದೆಯನ್ನು ನಂಬಿ ಬದುಕಿದ ಜನ ಅಲ್ಲ ನಾವು. ಇದಿಲ್ ಕಣ್ಣೊರೆಸಿಕೊಂಡು ಚೌಕ ಖಾಲಿ ಬಿಟ್ಟಳು. ಆಚೆ ಶಾಲೆಗೆ, ಕಡತ ಕಳಿಸುವುದು ಬೇಡ ಎಂದು ಬರೆದುಕೊಟ್ಟಳು. ಸೆಪ್ಟೆಂಬರಿನಲ್ಲಿ ಸಗಲ್ ನನ್ನ ಬಸ್ಸು ಹತ್ತಿದಳು. ಮೂರನೇ ದಿನಕ್ಕೆ ಹಾಡಲು ಶುರುಮಾಡಿದಳು. ವಾರ ತುಂಬುವಷ್ಟರಲ್ಲಿ ಇಡೀ ಬಸ್ಸಿಗೆ ಹಾಡಿಸತೊಡಗಿದಳು.

ನಾನು ಮಾತ್ರ ರಸ್ತೆಗಿಂತ ಹೆಚ್ಚಾಗಿ ಕನ್ನಡಿ ನೋಡುತ್ತಿದ್ದೆ. ಹಾಡು ನಡುವೆ ನಿಂತರೆ ನನ್ನ ಕಾಲು ತಾನಾಗಿ ಬ್ರೇಕಿನ ಮೇಲೆ ಹೋಗುತ್ತಿತ್ತು. ಒಂದು, ಎರಡು, ಮೂರು ಎಂದು ಎಣಿಸುತ್ತಿದ್ದೆ. ಹಾಡು ಮತ್ತೆ ಶುರುವಾದಾಗ ಉಸಿರು ಬಿಡುತ್ತಿದ್ದೆ.

ಜನವರಿಯಲ್ಲಿ ಒಂದು ಬೆಳಿಗ್ಗೆ, ಸೊನ್ನೆಗಿಂತ ಇಪ್ಪತ್ತು ಕೆಳಗಿನ ಚಳಿಯಲ್ಲಿ, ಹೆಡ್ಮೇಷ್ಟರು ಷರ್ಮಾರ್ಕೆ ಬಸ್ಸಿನೊಳಕ್ಕೆ ಬಂದು ಬಾಗಿಲು ಎಳೆದುಕೊಂಡರು. ಮಕ್ಕಳೆಲ್ಲ ಇಳಿದಾಗಿತ್ತು. ಮನುಷ್ಯ ಎಷ್ಟು ಸಣ್ಣಗಿದ್ದಾರೆಂದರೆ ಕೋಟು ತೆಗೆದರೆ ಹ್ಯಾಂಗರ್ ಉಳಿಯುತ್ತದೆ.

"ಗೂಲೇದಣ್ಣ, ಒಂದು ಮಾತು. ಪರವಾನಗಿ ಮಂಡಳಿಯಿಂದ ಕಾಗದ ಬಂದಿದೆ. ಎದುರಿನ ಶಾಲೇಲಿ ನೂರಕ್ಕೆ ಹದಿನೇಳು ಮಕ್ಕಳಿಗೆ ಏನೋ ಒಂದು ತೊಂದರೆ ಇದೆ, ಸಹಾಯ ಬೇಕು. ನಮ್ಮಲ್ಲಿ ನೂರಕ್ಕೆ ಮೂರು."

"ನಮ್ಮ ಮಕ್ಳು ಗಟ್ಟಿ, ಮೇಷ್ಟ್ರೇ. ಒಂಟೆ ಹಾಲು ಕುಡಿದ ವಂಶ."

"ತಮಾಷೆ ಬೇಡಣ್ಣ. ಕಷ್ಟದ ಮಕ್ಕಳನ್ನ ನಾವು ಆರಿಸಿ ಆರಿಸಿ ಆಚೆಗೆ ತಳ್ತಿದೀವಿ ಅಂತ ಅವರ ಗುಮಾನಿ. ಅದು ಖಾತ್ರಿ ಆದ್ರೆ ಜೂನಿಗೆ ಮುಚ್ಚಿಸ್ತಾರೆ. ನಾನೂರು ಮಕ್ಕಳು. ನಾನು ಯಾರನ್ನೂ ತಳ್ಳಿಲ್ಲ, ಆದರೆ ಅಂಥವರು ನಮ್ಮ ಬಾಗಿಲಿಗೇ ಬರ್ತಿಲ್ಲ. ಯಾಕೆ? ನಿಮಗೆ ಪ್ರತಿಯೊಂದು ಮನೇನೂ ಗೊತ್ತು. ನಿಮ್ಮ ಬಸ್ಸಲ್ಲಿ ಅಂಥ ಮಗು ಇದ್ಯಾ?"

ಇದೆ ಎಂದರೆ ಸಗಲ್‌ಳನ್ನು ಕಳಿಸುತ್ತಾರೆ, ಅವಳು ಮತ್ತೆ ಮೂಕಿ. ಇಲ್ಲ ಎಂದರೆ ಆ ಮೂರು ಮೂರಾಗಿಯೇ ಉಳಿಯುತ್ತದೆ, ಶಾಲೆಗೇ ಬೀಗ, ಆಗಲೂ ಸಗಲ್ ಆಚೆಗೆ.

"ಒಬ್ರೂ ಇಲ್ಲ, ಮೇಷ್ಟ್ರೇ," ಅಂದೆ.

ಷರ್ಮಾರ್ಕೆ ಇಳಿದು ಹೋದರು.

ಮುಂದಿನ ವಾರ ಈಜಿನ ಚೀಟಿ ಬಂತು. ಹತ್ತು ಸಾವಿರ ಕೆರೆಗಳಿರುವ ನಾಡು ಇದು, ಮಕ್ಕಳಿಗೆ ಈಜು ಕಲಿಸದೆ ಬಿಡುವುದಿಲ್ಲ. ಎರಡನೇ ತರಗತಿಯ ಹುಡುಗಿಯರಿಗೆ ಪಕ್ಕದ ಬಡಾವಣೆಯ ಈಜುಕೊಳದಲ್ಲಿ ಬುಧವಾರ ಒಂದು ಗಂಟೆ, ಹೆಣ್ಣುಮಕ್ಕಳಿಗಷ್ಟೇ. ಗಾಜಿಗೆಲ್ಲ ಕಂದು ಕಾಗದ ಅಂಟಿಸಿ, ಕಾವಲಿಗೂ ಹೆಂಗಸರನ್ನೇ ಇಟ್ಟು, ಆ ಒಂದು ಗಂಟೆ ಗಂಡಸರ ಮುಖವೇ ಒಳಗೆ ಬೀಳದಂತೆ ಮಾಡಿದ ನಿಯಮ. ಅದಕ್ಕಾಗಿ ಹೋದ ವರ್ಷ ತಾಯಂದಿರು ಸಭೆ ಸೇರಿದಾಗ ಎಲ್ಲರಿಗಿಂತ ಜೋರಾಗಿ ಭಾಷಣ ಬಿಗಿದವನು ನಾನೇ. ಗಂಡು ನೊಣವೂ ಒಳಗೆ ಹೋಗಕೂಡದು ಎಂದಿದ್ದೆ. ಮೂರು ಸಾವಿರ ಜನ ಚಪ್ಪಾಳೆ ತಟ್ಟಿದ್ದರು. ಆ ಕೋಣೆಯಲ್ಲಿ ಹಿಡಿಯುವುದು ಅರವತ್ತು.

ಆ ಚೀಟಿಯಲ್ಲೂ ಅದೇ ಪ್ರಶ್ನೆ, ಅದೇ ಚೌಕ.

"ಆಗಲ್ಲ ಅಣ್ಣಾ," ಇದಿಲ್ ಚೀಟಿಯನ್ನು ಮೇಜಿನ ಮೇಲೆ ಒಗೆದಳು. "ಡಾಕ್ಟ್ರು ಏನಂದಿದ್ರು? ಗೊತ್ತಿರೋರು ಒಬ್ರು ಕಣ್ಣಿಟ್ಟು ಕೂತಿದ್ರೆ ಮಾತ್ರ ನೀರು. ಆಚೆ ಶಾಲೇಲಿ ಮಿಸೆಸ್ ವಾಂಗ್ ಜೊತೇಲೇ ಇಳೀತಿದ್ರು. ಇಲ್ಲಿ ಯಾರಿಗೆ ಗೊತ್ತು?"

"ಕಳಿಸಲ್ಲ ಅಂದ್ರೆ ಯಾಕೆ ಅಂತ ಕೇಳ್ತಾರೆ. ಈಗ ಶಾಲೇಲಿ ಎಲ್ಲಾರೂ ಭೂತಗನ್ನಡಿ ಹಿಡ್ಕೊಂಡು ಕೂತಿದಾರೆ."

"ಕೇಳ್ಲಿ!"

"ಅಮ್ಮಾ, ಎಲ್ರೂ ಹೋಗ್ತಾರೆ, ನಾನೊಬ್ಳೇನಾ ಬಿಟ್ಟಿರೋದು?" ಸಗಲ್ ಬಾಗಿಲಲ್ಲಿ ನಿಂತು ಅಳತೊಡಗಿದಳು. "ಮಾವಾ, ನೀನಾದ್ರೂ ಹೇಳು."

ನಾನು ಹೇಳಿದೆ. ಹೇಳುವುದೇ ನನ್ನ ಕಸುಬು. "ಇದಿಲ್, ಬಸ್ಸು ಓಡ್ಸೋನು ನಾನೇ. ಬಾಗಿಲ ಹತ್ರಾನೇ ಕೂತಿರ್ತೀನಿ. ಅವಳು ಸೀನಿದ್ರೂ ನನಗೆ ಕೇಳ್ಸುತ್ತೆ. ಮಾತ್ರೆ ಮಾತ್ರ ತಪ್ಪಿಸ್ಬೇಡ."

ಮೊದಲ ಬುಧವಾರ ಏನೂ ಆಗಲಿಲ್ಲ. ಎರಡನೆಯದೂ ಹಾಗೇ ಕಳೆಯಿತು.

ಮೂರನೇ ಬುಧವಾರ ಹದಿನಾಲ್ಕು ಹುಡುಗಿಯರನ್ನು, ಅವರ ಟೀಚರನ್ನು, ಜೊತೆಗೆ ಬಂದ ಇಬ್ಬರು ತಾಯಂದಿರನ್ನು ಇಳಿಸಿದೆ. ಹಿಂದೆಯೇ ಒಂದು ಕಾರು ಬಂದು ನಿಂತಿತು. ಷರ್ಮಾರ್ಕೆ ಇಳಿದರು. ಅವರ ಜೊತೆ ಹಾಲ್ವರ್ಸನ್ ಎಂಬ ಹೆಂಗಸು, ಪರವಾನಗಿ ಮಂಡಳಿಯವಳು. ನರೆತ ಕೂದಲು, ಮಂಡಿವರೆಗಿನ ಬೂಟು, ಕಂಕುಳಲ್ಲಿ ಕಾಗದದ ಕಟ್ಟು. ಷರ್ಮಾರ್ಕೆ ಒಳಗೆ ಹೋಗುವಂತಿಲ್ಲವಾದ್ದರಿಂದ ಇಬ್ಬರೂ ಹೊರಗಿನ ಹಜಾರದ ಬೆಂಚಿನಲ್ಲೇ ಕುಳಿತು ಆ ಮೂರರ, ಹದಿನೇಳರ ಮಾತು ತೆಗೆದರು. ನಾನು ಕಂದು ಕಾಗದ ಅಂಟಿಸಿದ ಬಾಗಿಲ ಪಕ್ಕ ನಿಂತೆ. ಮೇಜಿನ ಹಿಂದೆ ಒಬ್ಬ ಯುವಕ, ಕಿವಿಗೆ ಹಾಡು ಸಿಕ್ಕಿಸಿಕೊಂಡವನು.

ಒಳಗಿನಿಂದ ನೀರಿನ ಸದ್ದು, ಕಿರುಚಾಟ, ನಗು. ಸಗಲ್‌ಳ ದನಿ ಯಾವುದೆಂದು ಆರಿಸಲು ನೋಡಿದೆ. ಸೀನಿದರೂ ಕೇಳಿಸುತ್ತದೆ ಅಂದಿದ್ದೆನಲ್ಲ, ಏನೂ ಕೇಳಿಸಲಿಲ್ಲ. ಹದಿನಾಲ್ಕೂ ಒಂದೇ ದನಿ.

ಫೋನು ಅದುರಿತು. ಇದಿಲ್.

"ಅಣ್ಣಾ, ಅವಳು ನೀರಿಗೆ ಇಳಿದ್ಲಾ?"

"ಆಗ್ಲೇ. ಯಾಕೆ?"

"ಮಾತ್ರೆ ಇಲ್ಲಿದೆ ಅಣ್ಣಾ! ಅವಳ ಚಹಾ ಲೋಟದ ತಳದಲ್ಲಿ ಎರಡು ಅಂಟ್ಕೊಂಡಿವೆ. ನಿನ್ನೇದೂ ಉಗುಳಿದಾಳೆ, ಇವತ್ತಿಂದೂ. ನಿದ್ದೆ ಬರುತ್ತೆ, ಚೆನ್ನಾಗಿ ಈಜಕ್ಕಾಗಲ್ಲ ಅಂತ ಮೊನ್ನೆ ಗೊಣಗ್ತಿದ್ಲು. ತೆಗಿ ಅವಳನ್ನ ಹೊರಗೆ! ಈಗ್ಲೇ!"

ಬೆಳಿಗ್ಗೆ ಬಸ್ಸಿನಲ್ಲಿ ಹಾಡು ಎರಡು ಸಲ ನಿಂತಿತ್ತು. ಎರಡು ಸಲವೂ ನಾನು ಎಣಿಸಿದ್ದೆ. ಎರಡನೆಯದು ಇಪ್ಪತ್ತೆರಡಕ್ಕೆ ಮುಗಿದಿತ್ತು. ಮುಗಿಯಿತಲ್ಲ ಎಂದು ಸುಮ್ಮನಿದ್ದೆ.

ಬಾಗಿಲು ಗುದ್ದಿದೆ. ಕೂಗಿದೆ. ನನ್ನ ದನಿಗೆ ಬೇರೆ ದಿನವಾಗಿದ್ದರೆ ಗಾಜು ಒಡೆಯುತ್ತಿತ್ತು ಅನ್ನುತ್ತಿದ್ದೆ. ಆ ಬಾಗಿಲಾಚೆ ಸ್ನಾನದ ಕೋಣೆ, ಅದರಾಚೆ ಇನ್ನೊಂದು ಬಾಗಿಲು, ಅದರಾಚೆ ಹದಿನಾಲ್ಕು ಹುಡುಗಿಯರ ಕೇಕೆ. ಯಾರೂ ಬರಲಿಲ್ಲ. ಯುವಕ ಕಿವಿಯಿಂದ ಹಾಡು ತೆಗೆದು, "ಸಾರ್, ಸಾರ್, ಈಗ ಹೆಂಗಸರ ಹೊತ್ತು," ಎಂದು ಎದ್ದ. ಕೊಳದ ಬಳಿಯ ಫೋನಿಗೆ ಕರೆ ಮಾಡು ಎಂದೆ. ಮಾಡಿದ. ಒಳಗೆ ಎಲ್ಲೋ ಗಂಟೆ ಬಡಿದುಕೊಂಡಿತು, ಯಾರೂ ಎತ್ತಲಿಲ್ಲ.

ನನ್ನ ಕೈ ಬಾಗಿಲ ಹಿಡಿಯ ಮೇಲಿತ್ತು. ಒಳಗೆ ತಲೆ ಬಿಟ್ಟುಕೊಂಡ ಹದಿನಾಲ್ಕು ಹೆಣ್ಣುಮಕ್ಕಳು, ಇಬ್ಬರು ತಾಯಂದಿರು. ನಾನೇ ಕಟ್ಟಿಸಿದ ಗೋಡೆ. ಹಜಾರದಲ್ಲಿ ಮೂವರು ಗಂಡಸರು, ಒಬ್ಬಳೇ ಹೆಂಗಸು. ಆ ಬಾಗಿಲು ದಾಟಬಲ್ಲವಳು ಅವಳೊಬ್ಬಳೇ. ಐದು ತಿಂಗಳಿಂದ ಈ ಗುಟ್ಟು ಯಾರ ಕಿವಿಗೆ ಬೀಳಬಾರದೆಂದು ನಾನು ಸತ್ತು ಸತ್ತು ಬದುಕಿದ್ದೆನೋ, ಅವಳೂ ಆಕೆಯೇ.

ಹಾಲ್ವರ್ಸನ್ ತಲೆ ಎತ್ತಿ ನನ್ನನ್ನು ನೋಡುತ್ತಿದ್ದಳು. ಷರ್ಮಾರ್ಕೆಯೂ.

ನಾನು ಬಾಯಿ ಬಿಡಲಿಲ್ಲ.

ಎಷ್ಟು ಹೊತ್ತು ಎಂದು ನನಗೆ ಗೊತ್ತು, ಯುವಕನ ತಲೆಯ ಮೇಲೆ ದೊಡ್ಡ ಗಡಿಯಾರವಿತ್ತು. ನಲವತ್ತು ಸೆಕೆಂಡು. ಇದಕ್ಕೆ ನಾನು ಒಂದೂ ಸೇರಿಸಿಲ್ಲ, ಒಂದೂ ಕಳೆದಿಲ್ಲ. ನಲವತ್ತು ಸೆಕೆಂಡು ನಾನು ಸಗಲ್‌ಳ ಶಾಲೆಯನ್ನೂ ಸಗಲ್‌ಳನ್ನೂ ತೂಗುತ್ತಾ ನಿಂತಿದ್ದೆ.

ಆಮೇಲೆ ನನ್ನ ಮುರುಕು ಇಂಗ್ಲಿಷಿನಲ್ಲಿ ಕಿರುಚಿದೆ. "ಮೇಡಂ! ನೀವು ಒಳಗೆ ಓಡಿ! ಹುಡುಗಿ, ಸಗಲ್, ಹಸಿರು ಬಟ್ಟೆ. ಅವಳಿಗೆ ಫಿಟ್ಸ್ ಇದೆ! ಇವತ್ತು ಮಾತ್ರೆ ಇಲ್ಲ! ಒಳಗೆ ಯಾರಿಗೂ ಗೊತ್ತಿಲ್ಲ!"

ಕಾಗದಗಳು ನೆಲಕ್ಕೆ ಚೆಲ್ಲಿದವು. ಅರವತ್ತು ದಾಟಿದ ಹೆಂಗಸು ಹಾಗೆ ಓಡಿದ್ದನ್ನು ನಾನು ಕಂಡಿಲ್ಲ. ಬೂಟು ಕಾಲಿನಲ್ಲೇ ಬಾಗಿಲು ತಳ್ಳಿ ಒಳಗೆ ಹೋದಳು. ಬಾಗಿಲು ತಾನಾಗಿ ಮುಚ್ಚಿಕೊಂಡಿತು.

ಸೀಟಿ ಊದಿದ ಸದ್ದು. ಉದ್ದಕ್ಕೆ, ಒಂದೇ ಸಮನೆ. ಆಮೇಲೆ ಹುಡುಗಿಯರ ಕೇಕೆ ಒಮ್ಮೆಗೇ ನಿಂತಿತು.

ನಾನು ಆ ಗದ್ದಲವನ್ನು ಶಪಿಸಿದ್ದೆ. ಈಗ ಅದೇ ಬೇಕೆನಿಸಿತು. ಕಂದು ಕಾಗದಕ್ಕೆ ಹಣೆ ಒತ್ತಿ ನಿಂತೆ. ಕಾಗದ ಬೆಚ್ಚಗಿತ್ತು, ಕ್ಲೋರಿನ್ ವಾಸನೆ. ಫೋನು ಇನ್ನೂ ಕೈಯಲ್ಲೇ ಇತ್ತು, ಅದರೊಳಗಿಂದ ಇದಿಲ್ "ಅಣ್ಣಾ, ಅಣ್ಣಾ" ಎನ್ನುತ್ತಲೇ ಇದ್ದಳು. ಷರ್ಮಾರ್ಕೆ ಪಕ್ಕಕ್ಕೆ ಬಂದು ನಿಂತರು. ಅವರ ಹಲ್ಲು ಕಟಕಟ ಎನ್ನುತ್ತಿತ್ತು.

ಬಾಗಿಲು ತೆರೆಯಿತು. ಬಂದವರು ತಾಯಂದಿರಲ್ಲೊಬ್ಬರು. "ಉಸಿರಾಡ್ತಿದಾಳೆ," ಎಂದರು. "ಆಂಬುಲೆನ್ಸ್ ಹೇಳಿದೀವಿ."

ಆಮೇಲೆ ಒಂದೊಂದಾಗಿ ಗೊತ್ತಾಯಿತು. ಹುಡುಗಿಯರು ಮುಖ ಮುಳುಗಿಸಿ ಯಾರು ಹೆಚ್ಚು ಹೊತ್ತು ಉಸಿರು ಹಿಡಿಯುತ್ತಾರೆ ಎಂದು ಪಂದ್ಯ ಕಟ್ಟಿದ್ದರು. ಸಗಲ್ ಮುಖ ಎತ್ತಲಿಲ್ಲ. ಸಗಲ್ ಗೆಲ್ಲುತ್ತಿದ್ದಾಳೆ ಎಂದು ಎಲ್ಲರೂ ಕೇಕೆ ಹಾಕುತ್ತಿದ್ದರು. ಕಾವಲಿನ ಹೆಂಗಸೂ ಆಟವೆಂದೇ ತಿಳಿದಿದ್ದಳು. ಹಾಲ್ವರ್ಸನ್ ಬೂಟು ಸಮೇತ ನೀರಿಗಿಳಿದು ಹಸಿರು ಬಟ್ಟೆಯ ಹೆಗಲು ಹಿಡಿದು ಎತ್ತಿದಾಗ ಅವಳ ಕಣ್ಣು ತೆರೆದೇ ಇದ್ದವಂತೆ, ತುಟಿ ನೀಲಿಯಂತೆ. ನಿಜಕ್ಕೂ ಕಣ್ಣು ತೆರೆದೇ ಇದ್ದವು ಎಂದು ಆ ತಾಯಿ ಮೂರು ಸಲ ಹೇಳಿದರು.

ಆಂಬುಲೆನ್ಸಿನವರು ಇಬ್ಬರೂ ಗಂಡಸರು. ಅವರಿಗೆ ಬಾಗಿಲು ಹಾರುಹೊಡೆದು ತೆಗೆದುಕೊಟ್ಟವರು ಆ ತಾಯಂದಿರೇ. ನಿಯಮದ ಮಾತು ಯಾರ ಬಾಯಿಂದಲೂ ಬರಲಿಲ್ಲ. ಸ್ಟ್ರೆಚರಿನ ಮೇಲೆ ಸಗಲ್ ಕೆಮ್ಮುತ್ತಿದ್ದಳು. ನನ್ನನ್ನು ಕಂಡು, "ಮಾವಾ, ನಾನು ಗೆದ್ನಾ?" ಎಂದಳು.

ಹೂಂ ಅಂದೆ.

ಇದಿಲ್ ನೇರ ಆಸ್ಪತ್ರೆಗೆ ಬರುವುದೆಂದಾಯಿತು. ಟೀಚರು ಆಂಬುಲೆನ್ಸ್ ಹತ್ತಿದರು. ಹಜಾರದಲ್ಲಿ ಉಳಿದದ್ದು ನಾವು ಮೂವರು ಮತ್ತು ನೆಲದ ಮೇಲಿನ ಕಾಗದ. ಹಾಲ್ವರ್ಸನ್ ಬೂಟು ಕಳಚಿ ಬಗ್ಗಿಸಿದಳು, ನೀರು ಸುರಿಯಿತು.

"ಈ ಮಗುವಿನ ಹೆಸರು ನಿಮ್ಮ ಪಟ್ಟೀಲಿ ಇದ್ಯಾ?" ಎಂದು ಷರ್ಮಾರ್ಕೆಯನ್ನು ಕೇಳಿದಳು.

"ಇಲ್ಲ."

"ಅವ್ರಿಗೆ ಗೊತ್ತಿರ್ಲಿಲ್ಲ," ನಾನು ನಡುವೆ ಬಿದ್ದೆ. "ಚೌಕ ಖಾಲಿ ಬಿಡಿಸಿದ್ದು ನಾನು. ಜನವರೀಲಿ ಅವ್ರು ಕೇಳಿದಾಗ ಒಬ್ರೂ ಇಲ್ಲ ಅಂದಿದ್ದೂ ನಾನೇ."

"ಯಾಕೆ?"

"ಕಳಿಸ್ಬಿಡ್ತಾರೆ ಅಂತ."

ಷರ್ಮಾರ್ಕೆ ನನ್ನತ್ತ ತಿರುಗಿದರು. "ಹಾಗಂತ ಯಾರಣ್ಣ ಹೇಳಿದ್ದು?"

"ಎಲ್ಲಾರೂ. ಚಹಾದಂಗಡೀಲಿ."

"ಮೊದ್ಲು ಹೇಳಿದ್ದು ಯಾರು?"

ನೆನಪು ಮಾಡಿಕೊಂಡೆ. ಕುಂಟ ರೋಬ್ಲೆಗೆ ಹೇಳಿದ್ದು ನಾನು. ಬೋಳನಿಗೆ ಹೇಳಿದ್ದೂ ನಾನು. ನನಗೆ ಹೇಳಿದವರು ಯಾರು? ಎಷ್ಟು ತಡಕಿದರೂ ಒಂದು ಮುಖ ಸಿಗಲಿಲ್ಲ.

"ಒಂದು ಮಾತು ಹೇಳಿ ಮೇಷ್ಟ್ರೇ," ಅಂದೆ. "ಆಗಸ್ಟಲ್ಲಿ ಕಡತ ತಂದು ನಿಮ್ಮ ಮೇಜಿನ ಮೇಲೆ ಇಟ್ಟಿದ್ರೆ ಏನ್ ಮಾಡ್ತಿದ್ರಿ?"

ಷರ್ಮಾರ್ಕೆ ಬಗ್ಗಿ ನೆಲದ ಮೇಲಿನ ಕಾಗದ ಎತ್ತತೊಡಗಿದರು. "ನಮ್ಮ ನರ್ಸು ವಾರಕ್ಕೆ ಎರಡು ದಿನ ಬರ್ತಾಳೆ. ಮಿಸೆಸ್ ವಾಂಗ್ ಥರದೋರು ಯಾರೂ ಇಲ್ಲ. ಕಳಿಸ್ತಿರ್ಲಿಲ್ಲ ಅಂತ ಹೇಳೋಕೆ ಆಸೆ ಅಣ್ಣ. ಆದ್ರೆ ನನಗೆ ಗೊತ್ತಿಲ್ಲ. ದೇವರಾಣೆ, ಗೊತ್ತಿಲ್ಲ."

ಪರವಾನಗಿ ಕೊಡುವವಳ ಎದುರಿಗೇ ಹೇಳಿದರು. ನಾನಾಗಿದ್ದರೆ ಹೇಳುತ್ತಿರಲಿಲ್ಲ.

ಹಾಲ್ವರ್ಸನ್ ಒದ್ದೆ ಕಾಲುಚೀಲ ಹಿಂಡುತ್ತಾ ಕೂತಿದ್ದಳು. "ಇದನ್ನ ನಾನು ಬರೀಲೇಬೇಕು. ಕಣ್ಣಾರೆ ನೋಡಿದೀನಿ," ಎಂದಳು. ಆಮೇಲೆ ನನ್ನನ್ನು ನೋಡಿದಳು. "ಇಂಥ ಇನ್ನೆಷ್ಟು ಮಕ್ಕಳಿದಾರೆ ನಿಮ್ಮ ಬಸ್ಸಲ್ಲಿ?"

"ಗೊತ್ತಿಲ್ಲ, ಮೇಡಂ."

ಗೊತ್ತಿಲ್ಲ ಎಂಬ ಮಾತು ನನ್ನ ಬಾಯಿಂದ ಬಂದದ್ದು ಅದೇ ಮೊದಲು. ಊರಿನ ಪ್ರತಿ ಮನೆಯಲ್ಲೂ ರಾತ್ರಿ ಏನು ಬೇಯುತ್ತದೆ ಎಂದು ಹೇಳಬಲ್ಲವನು ನಾನು.

ಹದಿಮೂರು ಹುಡುಗಿಯರನ್ನು ವಾಪಸು ಕರೆದೊಯ್ಯಬೇಕಿತ್ತು. ಹಾಲ್ವರ್ಸನ್ ಕಾರು ತೆಗೆದುಕೊಂಡು ಆಸ್ಪತ್ರೆಗೆ ಹೋದಳು. ಷರ್ಮಾರ್ಕೆ ನನ್ನ ಬಸ್ಸು ಹತ್ತಿ ಸಗಲ್‌ಳ ಸೀಟಿನಲ್ಲೇ ಕೂತರು. ತಾಯಂದಿರು ಹಿಂದೆ. ಯಾರೂ ಹಾಡಲಿಲ್ಲ. ಕನ್ನಡಿಯಲ್ಲಿ ಹದಿಮೂರು ತಲೆಗಳು, ತಲೆವಸ್ತ್ರದ ಅಂಚಿನಲ್ಲಿ ಇನ್ನೂ ನೀರು. ಒಂದೊಂದು ಮುಖವನ್ನೂ ನೋಡುತ್ತಾ ಹೋದೆ. ಸೀಟು ಹಿಡಿದೇ ನಡೆಯುವ ಆ ಹುಡುಗಿ. ರಸ್ತೆಬದಿಯ ಫಲಕ ಓದುವಾಗ ಕಣ್ಣು ಕಿರಿದು ಮಾಡುವ ಆ ಇನ್ನೊಬ್ಬಳು. ಎರಡನೇ ಸಲ ಕರೆದರೆ ಮಾತ್ರ ತಿರುಗುವ ಬಿಲಾನ್. ಯಾವ ಮನೆಯ ಯಾವ ಪೆಟ್ಟಿಗೆಯಲ್ಲಿ ಯಾವ ಕಾಗದ ಅಡಗಿದೆಯೋ. ದಿನಾ ನೋಡಿದ್ದೆ, ಒಂದನ್ನೂ ಕಂಡಿರಲಿಲ್ಲ. ಹಿಮ ಗುಡಿಸಿದ್ದ ರಸ್ತೆಯಲ್ಲೂ, ನಡೆದುಹೋಗುವವರು ನಮ್ಮನ್ನು ದಾಟಿ ಹೋಗುವಷ್ಟು ನಿಧಾನವಾಗಿ ಓಡಿಸಿದೆ.

ಫ್ರಾಂಕ್ಲಿನ್ ರಸ್ತೆಯ ಕೆಂಪು ದೀಪದಲ್ಲಿ ಬಿಲಾನ್ ಎದ್ದು ನನ್ನ ಬಳಿ ಬಂದಳು. ಓಡುವ ಬಸ್ಸಿನಲ್ಲಿ ಏಳಬಾರದೆಂಬ ನಿಯಮ. ಗದರಲಿಲ್ಲ.

"ಮಾವಾ, ಸಗಲ್‌ನ ಈಗ ಆಚೆ ಶಾಲೆಗೆ ಕಳಿಸ್ಬಿಡ್ತಾರಾ?"

"ಗೊತ್ತಿಲ್ಲ ಕಂದಾ."

ಅವಳು ಬೆರಳು ಮಡಿಸಿ ಬಿಡಿಸಿ ಮಾಡಿದಳು. "ಅಮ್ಮ ಯಾರಿಗೂ ಹೇಳ್ಬೇಡ ಅಂದಿದಾಳೆ. ಸಗಲ್‌ಗೆ ಆದಂಗೆ ನನಗೂ ಆಗುತ್ತಾ? ಸೀಟಿ ಊದಿದ್ದು ನನಗೆ ಕೇಳಿಸ್ಲೇ ಇಲ್ಲ. ಎಲ್ರೂ ಹತ್ತಿದ್ರು, ನಾನೊಬ್ಳೇ ನೀರಲ್ಲಿದ್ದೆ."

ದೀಪ ಹಸಿರಾಯಿತು. ಹಿಂದಿನ ಲಾರಿ ಹಾರ್ನ್ ಹೊಡೆಯಿತು. ಬಸ್ಸನ್ನು ಬದಿಗೆ ತಂದು ಕೈಬ್ರೇಕು ಎಳೆದೆ.

ಷರ್ಮಾರ್ಕೆ ಆಗಲೇ ಎದ್ದಿದ್ದರು. ಅವರು ಹುಡುಗಿಯ ಎಡಕ್ಕೆ ಕುಕ್ಕರುಗಾಲಲ್ಲಿ ಕೂತು ಏನೋ ಕೇಳಿದರು. ಬಿಲಾನ್ ಕದಲಲಿಲ್ಲ, ನನ್ನನ್ನೇ ನೋಡುತ್ತಿದ್ದಳು. ಅವರು ಎದ್ದು, ಆ ಇಕ್ಕಟ್ಟಿನಲ್ಲಿ ಗೇರಿನ ಕೋಲು ದಾಟಿ ಅವಳ ಬಲಕ್ಕೆ ಬಂದು ಮತ್ತೆ ಕೂತರು. "ಈ ಕಿವೀಲಿ ಕೇಳ್ಸುತ್ತಾ, ಮಗಾ?" ಎಂದರು.

ಅವಳು ಹೂಂ ಎಂದಳು.

"ನಿಮ್ಮಮ್ಮನ ಹೆಸರೇನು?"

ಬಿಲಾನ್ ನನ್ನ ಕಡೆ ತಿರುಗಿದಳು. ಹೇಳಲಾ ಎಂದು ಕೇಳುತ್ತಿದ್ದವು ಆ ಕಣ್ಣು. ಹಿಂದಿನ ಸೀಟುಗಳಲ್ಲಿ ಹನ್ನೆರಡು ಮುಖಗಳು ಉಸಿರು ಹಿಡಿದಿದ್ದವು. ಷರ್ಮಾರ್ಕೆಯ ಮುಖ ನೋಡಿದೆ. ಅಲ್ಲಿ ಬರೆದದ್ದೇನೂ ಸಿಗಲಿಲ್ಲ, ಅವರೂ ನನ್ನಷ್ಟೇ ಹೆದರಿದ್ದರು ಎಂಬುದೊಂದು ಬಿಟ್ಟು.

ಹೇಳು ಎಂದು ತಲೆ ಆಡಿಸಿದೆ.